ತೆಗೆದುಹಾಕಿದ ಎರಡು ಪ್ಯಾರಾ

ನಮ್ಮೂರು ಹಿರಿಯೂರಿನ ಕಡೆ. ನಾವು ಚಿಕ್ಕವರಿದ್ದಾಗ ಬೇಸಿಗೆ ಬಂತೆಂದರೆ ಊರಿಗೆ ಬೋರ್‌ವೆಲ್ ಲಾರಿ ಬರುತ್ತಿತ್ತು. ರಾತ್ರಿಯೆಲ್ಲ ಒಬ್ಬರ ಹೊಲದಲ್ಲಿ ಗುಡುಗುಟ್ಟಿ, ಸುತ್ತಲಿನ ಗಿಡಗಳಿಗೆಲ್ಲ ಬಿಳಿ ಧೂಳು ಹೊದಿಸಿ, ಬೆಳಗಾಗುವಷ್ಟರಲ್ಲಿ ಇನ್ನೊಬ್ಬರ ಹೊಲಕ್ಕೆ ಹೊರಡುತ್ತಿತ್ತು. ಲಾರಿಯ ಮೈಮೇಲೆ ತಿರುಚೆಂಗೋಡು ಎಂಬ ಊರಿನ ಹೆಸರು, ನಂಬರ್ ಪ್ಲೇಟಿನಲ್ಲಿ ಟಿಎನ್ 34. ಆ ಊರು ಎಲ್ಲಿದೆಯೆಂದು ನಮಗೆ ಗೊತ್ತಿರಲಿಲ್ಲ. ನೀರು ತರುವವರ ಊರು ಎಂದಷ್ಟೇ ಗೊತ್ತಿತ್ತು. ನೀರು ಬೀಳದಿದ್ದರೆ ಅಪ್ಪ ಆ ಊರಿಗೇ ಶಾಪ ಹಾಕುತ್ತಿದ್ದರು.

ಆ ಹೆಸರನ್ನು ಮತ್ತೆ ಕೇಳಿದ್ದು 2015ರ ಜನವರಿಯಲ್ಲಿ, ಚೆನ್ನೈನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ. ನನ್ನ ಟೀಮಿನ ಹುಡುಗನೊಬ್ಬ ತಿರುಚೆಂಗೋಡಿನವನು. ಜೋರು ಮಾತಿನವನಲ್ಲ. ಆ ದಿನ ಮಾತ್ರ ತಟ್ಟೆಯ ಮುಂದೆ ಕೂತು, "ಒಬ್ಬ ಬರಹಗಾರ ನಮ್ಮೂರಿನ ಹೆಂಗಸರ ಮರ್ಯಾದೆ ತೆಗೆದಿದ್ದಾನೆ" ಎಂದು ಕುದಿಯುತ್ತಿದ್ದ. ಪುಸ್ತಕ ಓದಿದೆಯಾ ಎಂದು ಯಾರೋ ಕೇಳಿದರು. ಇಲ್ಲ, ಊರಿನಿಂದ ಕೆಲವು ಪುಟಗಳು ವಾಟ್ಸಾಪಿನಲ್ಲಿ ಬಂದಿವೆ ಎಂದ. ಅದಕ್ಕಿಂತ ಹೆಚ್ಚು ಓದುವ ಅಗತ್ಯ ಅವನಿಗೆ ಕಂಡಿರಲಿಲ್ಲ. ನಾನು ತಲೆಯಾಡಿಸಿ ಸುಮ್ಮನಾದೆ. ನಾನೂ ಓದಿರಲಿಲ್ಲ, ಬರಹಗಾರನ ಹೆಸರು ಕೂಡ ಹೊಸದು. ಪೆರುಮಾಳ್ ಮುರುಗನ್.

ಆಮೇಲೆ ತಿಳಿದ ಸಂಗತಿ ಇಷ್ಟು. ಅವರು ಆಗ ನಾಮಕ್ಕಲ್ಲಿನ ಸರ್ಕಾರಿ ಕಾಲೇಜಿನಲ್ಲಿ ತಮಿಳು ಮೇಷ್ಟ್ರಾಗಿದ್ದರು, ತಿರುಚೆಂಗೋಡಿನ ಕಡೆಯವರೇ. 2010ರಲ್ಲಿ ಅವರ 'ಮಾದೊರುಬಾಗನ್' ಕಾದಂಬರಿ ಬಂತು. ಹಾಗೆಂದರೆ ತನ್ನ ದೇಹದ ಒಂದು ಭಾಗವನ್ನು ಹೆಣ್ಣಿಗೆ ಕೊಟ್ಟವನು, ನಮ್ಮ ಮಾತಿನಲ್ಲಿ ಅರ್ಧನಾರೀಶ್ವರ. ತಿರುಚೆಂಗೋಡಿನ ಬೆಟ್ಟದ ಮೇಲಿರುವ ದೇವರೂ ಅವನೇ. ಕಾಳಿ ಮತ್ತು ಪೊನ್ನಾ ಎಂಬ ರೈತ ದಂಪತಿ ಪರಸ್ಪರ ಜೀವಕ್ಕೆ ಜೀವ ಎಂಬಂತಿದ್ದಾರೆ, ಆದರೆ ಮದುವೆಯಾಗಿ ಹನ್ನೆರಡು ವರ್ಷವಾದರೂ ಮಕ್ಕಳಿಲ್ಲ. ಊರಿನವರ ಚುಚ್ಚುಮಾತು, ಹರಕೆ, ಪೂಜೆ ಯಾವುದಕ್ಕೂ ಕೊನೆಯಿಲ್ಲ. ರಥೋತ್ಸವದ ಕೊನೆಯ ರಾತ್ರಿ ಮಕ್ಕಳಿಲ್ಲದ ಹೆಂಗಸು ತನಗೆ ಎದುರಾದ ಅಪರಿಚಿತ ಗಂಡಸಿನಲ್ಲಿ ದೇವರನ್ನು ಕಂಡು ಗರ್ಭ ಧರಿಸಬಹುದೆಂಬ ಪದ್ಧತಿ ಹಿಂದೆ ಇತ್ತು ಎಂದು ಕಾದಂಬರಿ ಹೇಳುತ್ತದೆ. ಮನೆಯವರು ಪೊನ್ನಾಳನ್ನು ಆ ರಾತ್ರಿಗೆ ಕಳಿಸುತ್ತಾರೆ. ಈ ಕಾದಂಬರಿಯ ಸಂಶೋಧನೆಗೆ ಧನಸಹಾಯ ಕೊಟ್ಟಿದ್ದು ನಮ್ಮ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್.

ನಾಲ್ಕು ವರ್ಷ ಈ ಪುಸ್ತಕದಿಂದ ಯಾರಿಗೂ ನೋವಾಗಿರಲಿಲ್ಲ. 2013ರಲ್ಲಿ ಇಂಗ್ಲಿಷ್ ಅನುವಾದ ಬಂತು. 2014ರ ಡಿಸೆಂಬರಿನಲ್ಲಿ ಆರಿಸಿದ ಕೆಲವು ಪುಟಗಳು ಜೆರಾಕ್ಸ್ ಆಗಿ ಊರಿಡೀ ಹಂಚಿಕೆಯಾದವು. ಪುಸ್ತಕ ಸುಟ್ಟರು, ಊರು ಬಂದ್ ಮಾಡಿದರು. ಮುಂದಿನ ಮುದ್ರಣದಲ್ಲಿ ಊರಿನ ಹೆಸರನ್ನೇ ತೆಗೆಯುತ್ತೇನೆ ಎಂದು ಲೇಖಕರು ಹೇಳಿದರೂ ಸಾಲಲಿಲ್ಲ. 2015ರ ಜನವರಿ 12ರಂದು ನಾಮಕ್ಕಲ್ಲಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಶಾಂತಿ ಸಭೆ ಸೇರಿತು. ಗಣಪತಿ ಹಬ್ಬಕ್ಕೆ ಮುಂಚೆ ನಮ್ಮ ಕಡೆ ಪೊಲೀಸ್ ಠಾಣೆಯಲ್ಲಿ ಸೇರುತ್ತದಲ್ಲ, ಅಂಥದ್ದೇ ಹೆಸರಿನ ಸಭೆ. ಅಲ್ಲಿ ಅವರು ಬೇಷರತ್ ಕ್ಷಮೆ ಕೇಳಿ, ಮಾರಾಟವಾಗದೆ ಉಳಿದ ಪ್ರತಿಗಳನ್ನು ಹಿಂತೆಗೆದುಕೊಳ್ಳುತ್ತೇನೆಂದು ಸಹಿ ಹಾಕಿದರು. ಒಂದೆರಡು ದಿನದಲ್ಲಿ ಫೇಸ್‌ಬುಕ್ಕಿನಲ್ಲಿ ತನ್ನ ಸಾವನ್ನು ತಾನೇ ಪ್ರಕಟಿಸಿಕೊಂಡರು. ಬರಹಗಾರ ಪೆರುಮಾಳ್ ಮುರುಗನ್ ಸತ್ತ, ಅವನು ದೇವರಲ್ಲವಾದ್ದರಿಂದ ಮತ್ತೆ ಎದ್ದು ಬರುವುದಿಲ್ಲ, ಇನ್ನು ಮೇಷ್ಟ್ರು ಪಿ. ಮುರುಗನ್ ಮಾತ್ರ ಬದುಕಿರುತ್ತಾನೆ ಎಂಬುದು ಅದರ ಸಾರ. ತನ್ನ ಯಾವ ಪುಸ್ತಕವನ್ನೂ ಮಾರಬೇಡಿ, ನಷ್ಟ ತುಂಬಿಕೊಡುತ್ತೇನೆ ಎಂದು ಪ್ರಕಾಶಕರನ್ನು ಕೇಳಿಕೊಂಡರು.

ಯಾವ ಸರ್ಕಾರವೂ ಪುಸ್ತಕ ನಿಷೇಧಿಸುವ ಆದೇಶ ಹೊರಡಿಸಿರಲಿಲ್ಲ, ಯಾವ ನ್ಯಾಯಾಲಯವೂ ತಪ್ಪೆಂದು ಹೇಳಿರಲಿಲ್ಲ. ಒಂದು ಕೋಣೆ, ಒಂದು ಮೇಜು, ನಾಲ್ಕು ಮಂದಿಯ ಸಮಾಧಾನದ ಮಾತು, ಒಂದು ಸಹಿ ಇಷ್ಟರಲ್ಲೇ ಎಲ್ಲ ಮುಗಿದಿತ್ತು.

ಆಗ ನಾವಿದ್ದ ಅಪಾರ್ಟ್‌ಮೆಂಟಿನಲ್ಲಿ ಎದುರುಮನೆಯವರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ತಮಿಳಿನಲ್ಲೂ ಕನ್ನಡದಲ್ಲೂ ಸಲ್ಲುವ ಮಾತೆಂದು ನಾವು ಅವರನ್ನು ತಾತ ಎಂದೇ ಕರೆಯುತ್ತಿದ್ದೆವು. ನನಗೆ ತಮಿಳು ಓದಲು ಕಲಿಸಿದವರು ಅವರೇ. ನಾನು ಬಸ್ಸಿನ ಬೋರ್ಡು ನೋಡಿ 'ಕಾಂತಿ ನಕರ್' ಎಂದು ಓದಿದರೆ ಅವರು ನಗುತ್ತಾ, "ಗಾಂಧಿ ನಗರ್ ಅಪ್ಪಾ. ಅಕ್ಷರ ಒಂದೇ, ಉಚ್ಚಾರ ನಾವು ತಿಳ್ಕೋಬೇಕು" ಎನ್ನುತ್ತಿದ್ದರು. ಅವರ ಬಾಲ್ಕನಿಯಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳಿದ್ದವು. ಸೊಸೆ ಎಷ್ಟು ಸಲ ರದ್ದಿಗೆ ಹಾಕೋಣವೆಂದರೂ ಬಿಟ್ಟವರಲ್ಲ. ಹೆಚ್ಚಿನವು ಒಂದೇ ಪತ್ರಿಕೆಯವು, ಹೆಸರು 'ಕಾಲಚ್ಚುವಡು'. ಕಾಲದ ಹೆಜ್ಜೆಗುರುತು ಎಂದು ಅರ್ಥ.

ಅದನ್ನು ಶುರುಮಾಡಿದವರು ಸುಂದರ ರಾಮಸ್ವಾಮಿ. ತಮಿಳಿನ ದೊಡ್ಡ ಕಾದಂಬರಿಕಾರರು, ತಗಳಿಯವರ 'ಚೆಮ್ಮೀನ್' ಅನ್ನು ಮಲಯಾಳದಿಂದ ತಮಿಳಿಗೆ ತಂದವರು, ನಾಗರಕೋಯಿಲಿನಲ್ಲಿ ಜವಳಿ ಅಂಗಡಿ ನಡೆಸುತ್ತಿದ್ದವರು. 1988ರಲ್ಲಿ ತ್ರೈಮಾಸಿಕವಾಗಿ ಆರಂಭವಾದ ಪತ್ರಿಕೆ ಕೆಲವೇ ಸಂಚಿಕೆಗಳಾಗಿ ನಿಂತುಹೋಯಿತು. ಸಾಹಿತ್ಯ ಪತ್ರಿಕೆಗಳ ಹಣೆಬರಹ ಎಲ್ಲ ಭಾಷೆಯಲ್ಲೂ ಒಂದೇ. 1994ರಲ್ಲಿ ಅವರ ಮಗ ಕಣ್ಣನ್ ಅದನ್ನು ಮತ್ತೆ ಶುರುಮಾಡಿದರು. ಪತ್ರಿಕೆಯ ಜೊತೆಗೇ ಪ್ರಕಾಶನವೂ ಬೆಳೆಯಿತು. 'ಮಾದೊರುಬಾಗನ್' ಪ್ರಕಟಿಸಿದ್ದು ಇವರೇ.

ತಾತ ಆ ಗಲಾಟೆಯ ತಿಂಗಳುಗಳ ಸಂಚಿಕೆಗಳನ್ನು ನನ್ನಿಂದ ಜೋರಾಗಿ ಓದಿಸಿದರು. ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಪ್ರಕರಣದ ಬಗೆಗಿನ ಬರಹಗಳನ್ನು ಓದುವಾಗ ನನಗೊಂದು ಪ್ರಶ್ನೆ ಬಂತು. "ಲೇಖಕರೇ ಬೇಡ ಅಂದಮೇಲೆ ಪ್ರಕಾಶಕರಿಗೆ ಇದರ ಉಸಾಬರಿ ಯಾಕೆ ತಾತ? ಒಂದು ಪುಸ್ತಕ ತಾನೇ, ಕೈಬಿಟ್ಟಿದ್ದರೆ ಆಗ್ತಿತ್ತಲ್ಲ?" ತಾತ ಕನ್ನಡಕ ತೆಗೆದು ಒರೆಸುತ್ತಾ, "ಅಂಚೆಯವನು ಕಾಗದ ಓದೋದಿಲ್ಲ. ಆದ್ರೆ ವಿಳಾಸದಾರ ಮನೇಲಿಲ್ಲ ಅಂತ ಕಾಗದ ಹರಿದೂ ಹಾಕೋದಿಲ್ಲ. ಇಟ್ಕೊಂಡಿರ್ತಾನೆ" ಎಂದರು.

ಆ ಮಾತು ನನಗೆ ಪೂರ್ತಿ ಅರ್ಥವಾಗಿದ್ದು ಮುಂದಿನ ವರ್ಷ. ತಮಿಳುನಾಡು ಪ್ರಗತಿಪರ ಬರಹಗಾರರು ಮತ್ತು ಕಲಾವಿದರ ಸಂಘ ಆ ಶಾಂತಿ ಸಭೆಯ ಒಪ್ಪಂದವನ್ನೇ ಮದ್ರಾಸ್ ಹೈಕೋರ್ಟಿನಲ್ಲಿ ಪ್ರಶ್ನಿಸಿತ್ತು. 2016ರ ಜುಲೈ 5ರಂದು ಮುಖ್ಯ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮತ್ತು ನ್ಯಾಯಮೂರ್ತಿ ಪುಷ್ಪಾ ಸತ್ಯನಾರಾಯಣ ಅವರ ಪೀಠ ತೀರ್ಪು ಕೊಟ್ಟಿತು. ಆ ಒಪ್ಪಂದಕ್ಕೆ ಕಾನೂನಿನ ಬಲವಿಲ್ಲ, ಅದು ಯಾರನ್ನೂ ಕಟ್ಟಿಹಾಕುವುದಿಲ್ಲ, ಪುಸ್ತಕ ಇಷ್ಟವಾಗದವರು ಓದದೆ ಮುಚ್ಚಿಡಬಹುದು, ಓದಲೇಬೇಕೆಂಬ ಬಲವಂತ ಯಾರಿಗೂ ಇಲ್ಲ ಎಂದಿತು. ಕೊನೆಯಲ್ಲಿ, ಬರಹಗಾರ ಮರುಹುಟ್ಟು ಪಡೆದು ತನಗೆ ಚೆನ್ನಾಗಿ ಬರುವ ಕೆಲಸ ಮಾಡಲಿ, ಬರೆಯಲಿ ಎಂದು ಹಾರೈಸಿತು. ಎಂ. ಎಫ್. ಹುಸೇನರ ಚಿತ್ರಗಳ ಕುರಿತು 2008ರಲ್ಲಿ ದೆಹಲಿ ಹೈಕೋರ್ಟಿನ ತೀರ್ಪು ಬರೆದವರೂ ಇದೇ ಕೌಲ್ ಅವರು.

ತೀರ್ಪು ಬಂದ ಮರುತಿಂಗಳೇ, ಆಗಸ್ಟಿನಲ್ಲಿ, ಮುರುಗನ್ ಅವರ ಕವನ ಸಂಕಲನವೊಂದು ಬಿಡುಗಡೆಯಾಯಿತು. ಸತ್ತೆನೆಂದು ಹೇಳಿಕೊಂಡಿದ್ದ ಕಾಲದಲ್ಲಿ ಗುಟ್ಟಾಗಿ ಬರೆದ ಸುಮಾರು ಇನ್ನೂರು ಕವಿತೆಗಳು, ಹೆಸರು 'ಕೋಳೈಯಿನ್ ಪಾಡಲ್‌ಗಳ್', ಅಂದರೆ ಹೇಡಿಯ ಹಾಡುಗಳು. ಪ್ರಕಟಿಸಿದ್ದು ಅದೇ ಕಾಲಚ್ಚುವಡು. ವಿಳಾಸದಾರ ಮನೆಗೆ ಬಂದಿದ್ದ, ಅಂಚೆಯವನು ಕಾಗದ ಇಟ್ಟುಕೊಂಡಿದ್ದ. ಅದಾದಮೇಲೆ ಬಂದ 'ಪೂನಾಚ್ಚಿ' ಕಾದಂಬರಿಯ ನಾಯಕಿ ಒಂದು ಮೇಕೆಮರಿ. ಆ ಜನವರಿಯಲ್ಲಿ ಮಾರಬೇಡಿ ಎಂದು ಲೇಖಕರೇ ಹೇಳಿದ್ದ ಹಳೆಯ ಪುಸ್ತಕಗಳಲ್ಲಿ 'ಆಳಂಡಾ ಪಟ್ಚಿ'ಯೂ ಒಂದು. ಅದರ ಇಂಗ್ಲಿಷ್ ಅನುವಾದಕ್ಕೆ 2023ರಲ್ಲಿ ಜೆಸಿಬಿ ಪ್ರಶಸ್ತಿ ಬಂತು.

ಆದರೆ ಆ ಬಿಡುಗಡೆಯ ಹೊತ್ತಿನಲ್ಲಿ ಮುರುಗನ್ ಹೇಳಿದ್ದ ಒಂದು ಮಾತು ಪತ್ರಿಕೆಗಳಲ್ಲಿ ಬಂದಿತ್ತು. ನನ್ನೊಳಗೆ ಈಗ ಒಬ್ಬ ಸೆನ್ಸಾರ್ ಕೂತಿದ್ದಾನೆ, ಹುಟ್ಟುವ ಪ್ರತಿ ಪದವನ್ನೂ ಪರೀಕ್ಷಿಸುತ್ತಾನೆ ಎಂಬ ಅರ್ಥದ ಮಾತು. ತೀರ್ಪು ಪುಸ್ತಕವನ್ನು ಬಿಡಿಸಿತ್ತು. ಅವನನ್ನು ಎಬ್ಬಿಸುವ ಅಧಿಕಾರ ಯಾವ ಕೋರ್ಟಿಗಿದೆ?

ಇಷ್ಟರ ನಡುವೆ, 2015ರ ಆಗಸ್ಟ್ 30ರ ಬೆಳಗ್ಗೆ, ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಮರುದಿನ ತಾತ ಪೇಪರು ಹಿಡಿದು ಬಂದು, "ನಿಮ್ಮೋರಂತೆ. ಇವರ ಪುಸ್ತಕ ಓದಿದೀಯಾ?" ಎಂದು ಕೇಳಿದರು. ಓದಿರಲಿಲ್ಲ. ನಮ್ಮ ಜಿಲ್ಲೆಯ ಕಾಲೇಜುಗಳಲ್ಲೆಲ್ಲ ಅವರ ಹೆಸರು ಕೇಳಿ ಬೆಳೆದವರು ನಾವು, ಆದರೂ ಓದಿರಲಿಲ್ಲ. ಹುಡುಕಿ ಓದಿದ್ದು ಆಮೇಲೆ. 'ಮಾರ್ಗ' ಸಂಪುಟದ ಬರಹಗಳಿಗಾಗಿ 1989ರಲ್ಲಿ ಅವರೂ ಒತ್ತಡಕ್ಕೆ ಸಿಕ್ಕಿ, ಮಠದ ಅಂಗಳದಲ್ಲಿ ತಮ್ಮ ಮಾತುಗಳನ್ನು ಹಿಂತೆಗೆದುಕೊಂಡಿದ್ದರು ಎಂದು ಆಗ ತಿಳಿಯಿತು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಆದರೆ ಅದು ಬೌದ್ಧಿಕ ಆತ್ಮಹತ್ಯೆ ಎಂದು ಅವರೇ ಹೇಳಿಕೊಂಡಿದ್ದರು. ಒಬ್ಬರು ಧಾರವಾಡದ ಸಂಶೋಧಕರು, ಒಬ್ಬರು ನಾಮಕ್ಕಲ್ಲಿನ ಮೇಷ್ಟ್ರು. ನಡುವೆ ಇಪ್ಪತ್ತಾರು ವರ್ಷ, ಎರಡು ಭಾಷೆ. ಇಬ್ಬರೂ ಇಂಥ ಸಮಾಧಾನದ ಸಭೆಯಿಂದ ಎದ್ದು ಬಂದು ತಮ್ಮ ಸಾವಿನ ಮಾತಾಡಿದ್ದರು.

ಇಲ್ಲಿಯವರೆಗೆ ಬರೆದದ್ದನ್ನು ನಾನು ಅನೇಕ ಕಡೆ ಹೇಳಿದ್ದೇನೆ. ಸ್ನೇಹಿತರ ಮನೆಯಲ್ಲಿ, ಕನ್ನಡದವರ ಕೂಟದಲ್ಲಿ, ರೈಲಿನಲ್ಲಿ. ಅಭಿವ್ಯಕ್ತಿ ಸ್ವಾತಂತ್ರ್ಯದ ಮಾತು ಬಂದರೆ ನಾನು ಸಿದ್ಧ. ಇನ್ನು ಮುಂದಿನದನ್ನು ಯಾರಿಗೂ ಹೇಳಿಲ್ಲ.

2018ರಲ್ಲಿ ನಮ್ಮ ಕನ್ನಡ ಬಳಗವೊಂದರ ರಾಜ್ಯೋತ್ಸವ ಸ್ಮರಣ ಸಂಚಿಕೆಯ ಕೆಲಸ ನನ್ನ ಮೇಲೆ ಬಿತ್ತು. ಕಂಪ್ಯೂಟರಿನವರು, ಪುಟ ಮಾಡಲು ಬರುತ್ತದೆ ಎಂಬ ಕಾರಣಕ್ಕೆ. ಅರವತ್ನಾಲ್ಕು ಪುಟ, ಅದರಲ್ಲಿ ಮೂವತ್ತರಷ್ಟು ಜಾಹೀರಾತು. ಉಳಿದದ್ದಕ್ಕೆ ಪದ್ಯ, ಮಕ್ಕಳ ಚಿತ್ರ, ಅಡುಗೆ, ಒಂದೆರಡು ಕಥೆ. ವೇಳಚೇರಿಯಲ್ಲಿ ಮಗನ ಮನೆಯಲ್ಲಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಒಂದು ಕಥೆ ಕಳಿಸಿದರು. ನಾವೆಲ್ಲ ಅವರನ್ನು ಟೀಚರಮ್ಮ ಎನ್ನುತ್ತೇವೆ. ಗೆರೆಯ ಹಾಳೆಯ ಮೇಲೆ ದುಂಡಗಿನ ಅಕ್ಷರ, ಹನ್ನೊಂದು ಪುಟ. ಅರವತ್ತಾರನೇ ವಯಸ್ಸಿನಲ್ಲಿ ಅವರು ಬರೆದ ಮೊದಲ ಕಥೆ.

ಕಥೆಯಲ್ಲಿ ಒಬ್ಬ ಅಜ್ಜಿ. ಊರಿನ ದೇವರ ಪಲ್ಲಕ್ಕಿ ವರ್ಷಕ್ಕೊಮ್ಮೆ ಮನೆಮನೆಗೆ ಬರುತ್ತದೆ, ಊರಾಚೆಯ ಕೇರಿಗೆ ಮಾತ್ರ ಹೋಗುವುದಿಲ್ಲ. ಅಜ್ಜಿಯ ಹೊಲದಲ್ಲಿ ನಲವತ್ತು ವರ್ಷ ದುಡಿದ ಆಳು ಆ ಕೇರಿಯವನು. ಅವನು ಸತ್ತ ವರ್ಷ ಪಲ್ಲಕ್ಕಿ ಬಾಗಿಲಿಗೆ ಬಂದಾಗ ಅಜ್ಜಿ ಆರತಿ ತಟ್ಟೆಯನ್ನು ಕೆಳಗಿಟ್ಟು ದೇವರೊಂದಿಗೆ ಜಗಳಕ್ಕೆ ನಿಲ್ಲುತ್ತಾಳೆ. ಅವನ ಮನೆಯ ದಾರಿ ಗೊತ್ತಿಲ್ಲದವನಿಗೆ ನನ್ನ ಮನೆಯ ದಾರಿ ಹೇಗೆ ಗೊತ್ತಾಯ್ತು ಎಂದು ಕೇಳುತ್ತಾಳೆ. ಎರಡು ಪ್ಯಾರಾ. ಓದುತ್ತಾ ನನಗೆ ನಮ್ಮಜ್ಜಿಯ ದನಿಯೇ ಕೇಳಿದಂತಾಗಿತ್ತು.

ಸಮಿತಿಯಲ್ಲಿ ಒಬ್ಬರು, "ದೇವರ ವಿಷಯ, ಸುಮ್ನೆ ಯಾಕೆ?" ಎಂದರು. ಇನ್ನೊಬ್ಬರು ಹಿಂಬದಿಯ ರಕ್ಷಾಪುಟಕ್ಕೆ ಜಾಹೀರಾತು ಕೊಟ್ಟವರ ಹೆಸರು ಹೇಳಿ, ಅವರು ಬಹಳ ದೈವಭಕ್ತರು ಎಂದರು. ಯಾರೂ ಕೂಗಾಡಲಿಲ್ಲ, ಬೆದರಿಸಲಿಲ್ಲ. ಎಲ್ಲರೂ ಒಳ್ಳೆಯವರೇ, ನನ್ನ ಮಗಳ ಹುಟ್ಟುಹಬ್ಬಕ್ಕೆ ಬಂದು ಹೋಳಿಗೆ ಉಂಡವರು. ಕಥೆಯನ್ನು ಪೂರ್ತಿ ಓದಿದವನು ಆ ಕೋಣೆಯಲ್ಲಿ ನಾನೊಬ್ಬನೇ. ನಾನು ಹೇಳಬೇಕಾದ ಮಾತು ನನಗೆ ಗೊತ್ತಿತ್ತು. ಹೈಕೋರ್ಟಿನ ತೀರ್ಪಿನ ಸಾಲುಗಳೇ ಬಾಯಿಗೆ ಬರುವಂತಿದ್ದವು. ಆದರೆ ಪ್ರಿಂಟಿಂಗಿಗೆ ನಾಲ್ಕು ದಿನ ಉಳಿದಿತ್ತು, ಆಫೀಸಿನಲ್ಲಿ ಅದೇ ವಾರ ರಿಲೀಸ್ ಇತ್ತು. "ನಾನು ಅವರ ಹತ್ರ ಮಾತಾಡ್ತೀನಿ" ಎಂದೆ.

ಫೋನ್ ಮಾಡಿದೆ. ಕಥೆ ಬಹಳ ಚೆನ್ನಾಗಿದೆ ಎಂದು ಮೊದಲು ಹೇಳಿದೆ. ಆಮೇಲೆ, "ಟೀಚರಮ್ಮ, ಆ ಪಲ್ಲಕ್ಕಿಯ ಎರಡು ಪ್ಯಾರಾ ತೆಗೆದರೂ ಕಥೆಗೇನೂ ತೊಂದರೆ ಆಗಲ್ಲ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಕುಕ್ಕರಿನ ಸೀಟಿ ಕೇಳುತ್ತಿತ್ತು. ಆಮೇಲೆ ಅವರು, ಸಿಟ್ಟಿಲ್ಲದ ದನಿಯಲ್ಲಿ, "ಆಗಲಿ ಬಿಡಿ ಸಾರ್, ತೆಗೆದುಬಿಡಿ. ಅದರ ಜೊತೆಗೆ ಉಳಿದಿದ್ದನ್ನೂ ತೆಗೆದುಬಿಡಿ" ಎಂದರು.

ಆ ಜಾಗಕ್ಕೆ ಚಿರೋಟಿ ಮಾಡುವ ವಿಧಾನ ಹಾಕಿದೆವು. ಸಂಚಿಕೆ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೊಗಳಿದರು.

ಆ ಫೋನ್ ಕರೆ ಇನ್ನೇನು? ಅದೂ ಒಂದು ಶಾಂತಿ ಸಭೆಯೇ. ಕೋಣೆ ಇಲ್ಲ, ಮೇಜು ಇಲ್ಲ, ಸಹಿ ಇಲ್ಲ ಅಷ್ಟೇ. ಮೇಜಿನ ಯಾವ ಕಡೆ ಕೂತಿದ್ದೆ ಎಂದು ಕೇಳಿಕೊಂಡರೆ ಉತ್ತರ ಕಷ್ಟವೇನಲ್ಲ. ನಾಮಕ್ಕಲ್ಲಿನಲ್ಲಿ ಲೇಖಕರ ಎದುರು ಒಂದು ಊರೇ ನಿಂತಿತ್ತು. ಟೀಚರಮ್ಮನ ಎದುರು ಇದ್ದದ್ದು ಅವರ ಕಥೆಯನ್ನು ಮೆಚ್ಚಿದ ಒಬ್ಬ ಓದುಗ.

ಕ್ಯಾಂಟೀನಿನಲ್ಲಿ ಕುದಿದಿದ್ದ ಆ ಹುಡುಗನ ಬಗ್ಗೆ ನನಗೆ ಬಹಳ ದಿನ ತಾತ್ಸಾರವಿತ್ತು. ಈಗ ಅಷ್ಟಿಲ್ಲ. ಅವನ ನೋವು ಸುಳ್ಳಾಗಿರಲಿಲ್ಲ. ತನ್ನ ಊರು, ತನ್ನ ಅಜ್ಜಿಯ ಕಾಲ, ಯಾರೋ ಅಪರಿಚಿತರು ಆಡಿಕೊಂಡು ನಗುತ್ತಾರೆಂಬ ಭಯ. ಕಾಲಚ್ಚುವಡು ಅವನ ನೋವನ್ನು ಅಲ್ಲಗಳೆಯಬೇಕಿರಲಿಲ್ಲ. ಅವನು ಉತ್ತರ ಬರೆದಿದ್ದರೆ, ಪತ್ರಿಕೆಯೊಂದು ಅದನ್ನೂ ಅಚ್ಚು ಹಾಕಬಹುದು. ಅಚ್ಚಾದದ್ದರ ಜೊತೆ ಜಗಳವಾಡಬಹುದು, ಮುಚ್ಚಿಡಬಹುದು. ಅಚ್ಚಾಗದೇ ಹೋದದ್ದರ ಜೊತೆ ಏನು ಮಾಡಲು ಬರುತ್ತದೆ? ಟೀಚರಮ್ಮನ ಕಥೆ ಓದಿ ನಮ್ಮ ಜಾಹೀರಾತುದಾರರಿಗೆ ನೋವಾಗುತ್ತಿತ್ತೋ, ಕಣ್ಣೀರು ಬರುತ್ತಿತ್ತೋ ನನಗೆ ಗೊತ್ತಿಲ್ಲ. ಅವರನ್ನು ನಾವು ಕೇಳಲೇ ಇಲ್ಲ. ಅವರ ಪರವಾಗಿ ನಾವೇ ನೊಂದುಕೊಂಡೆವು.

ಸಾಹಿತ್ಯ ಪತ್ರಿಕೆಯೊಂದು ಬರಹಗಾರರನ್ನು ಬೆಂಬಲಿಸುವುದೆಂದರೆ ಸಂಪಾದಕೀಯದಲ್ಲಿ ಗುಡುಗುವುದು ಎಂದು ಮೊದಲು ಅಂದುಕೊಂಡಿದ್ದೆ. ಈಗ ಅದು ಇನ್ನೂ ಸಣ್ಣ, ಇನ್ನೂ ಕಷ್ಟದ ಕೆಲಸ ಎನ್ನಿಸುತ್ತದೆ. ಆಕ್ಷೇಪ ಎತ್ತಿದವರಿಗೆ, ಮೊದಲು ಪೂರ್ತಿ ಓದಿ ಬನ್ನಿ ಎಂದು ಹೇಳುವುದು. ಬರೆದವರನ್ನು ಒಂಟಿಯಾಗಿ ಮಾತುಕತೆಗೆ ಕಳಿಸದಿರುವುದು. ಬರೆದವರೇ ಹೆದರಿ ಬೇಡವೆಂದಾಗ ಅವರ ಮಾತಿಗೆ ಬೆಲೆ ಕೊಡುವುದು, ಆದರೆ ಅವರ ಜಾಗವನ್ನು ಇನ್ನೊಬ್ಬರಿಗೆ ಕೊಡದಿರುವುದು. ಚಿರೋಟಿಗಂತೂ ಕೊಡದಿರುವುದು.

ಈ ಇ-ಪತ್ರಿಕೆಯ ಗೆಳೆಯರು ಹೋದ ತಿಂಗಳು ಏನಾದರೂ ಬರೆದುಕೊಡಿ ಎಂದಾಗ ನನಗೆ ಮೊದಲು ನೆನಪಾಗಿದ್ದು ಆ ಹನ್ನೊಂದು ಪುಟ. ಭಾನುವಾರ ವೇಳಚೇರಿಗೆ ಹೋದೆ. ಟೀಚರಮ್ಮನಿಗೆ ಈಗ ಮಂಡಿನೋವು ಹೆಚ್ಚಾಗಿದೆ. ಕಾಫಿ ಕೊಟ್ಟರು, ಮಗಳ ಓದು ವಿಚಾರಿಸಿದರು. ನಾನು ತಪ್ಪಾಯಿತೆಂದು ಹೇಳಿದೆ. ಅವರು ಕೈ ಬೀಸಿ, "ಅಯ್ಯೋ, ಅದನ್ನೆಲ್ಲ ಇನ್ನೂ ಮನಸ್ಸಲ್ಲಿ ಇಟ್ಕೊಂಡಿದೀರಾ?" ಎಂದು ನಕ್ಕರು. ಆಮೇಲೆ ಬರೆದಿರೇನು ಎಂದು ಕೇಳಿದೆ.

"ಕೂತ್ಕೊಂಡೆ ಒಂದೆರಡು ಸಲ. ಬೇರೆ ಕಥೆ, ನಮ್ಮ ತಂಗಿದು. ಚೆನ್ನಾಗೇ ಹೋಗ್ತಿತ್ತು. ಆದ್ರೆ ಒಂದು ಜಾಗಕ್ಕೆ ಬಂದಾಗ, ಇದಕ್ಕೆ ನೀವು ಫೋನ್ ಮಾಡ್ತೀರೇನೋ ಅನ್ನಿಸ್ತು ಸಾರ್. ಪೆನ್ನು ಮುಚ್ಚಿಟ್ಟೆ."

ಹೇಡಿಯ ಹಾಡುಗಳ ಕವಿಯೊಳಗೆ ಕೂತಿದ್ದ ಸೆನ್ಸಾರ್ ಯಾರ ದನಿಯಲ್ಲಿ ಮಾತಾಡುತ್ತಾನೋ ತಿಳಿಯದು. ಟೀಚರಮ್ಮನ ಒಳಗಿರುವವನ ದನಿ ನನ್ನದು. ಮೊದಲು ಹೊಗಳಿ ಆಮೇಲೆ ಮಾತಾಡುತ್ತಾನೆ.

ಹಳೆಯ ಕಥೆಯ ಹಾಳೆಗಳು ಎಲ್ಲೋ ಟ್ರಂಕಿನಲ್ಲಿರಬೇಕು, ಹುಡುಕುತ್ತೇನೆ ಎಂದಿದ್ದಾರೆ. ಸಿಕ್ಕರೆ ಕೊಡುತ್ತೇನೆ ಎಂದೂ ಹೇಳಿಲ್ಲ, ಕೊಡುವುದಿಲ್ಲ ಎಂದೂ ಹೇಳಿಲ್ಲ. ತಂಗಿಯ ಕಥೆ ಮುಗಿಸಿ ಎಂದು ನಾನೂ ಒತ್ತಾಯಿಸಲಿಲ್ಲ. ಈ ಪತ್ರಿಕೆಯ ಗೆಳೆಯರಿಗೆ ಮಾತ್ರ ಒಂದು ಮಾತು ಹೇಳಿದ್ದೇನೆ. ಕಥೆ ಬಂದರೆ, ಎಷ್ಟೇ ಉದ್ದವಿರಲಿ, ಪ್ಯಾರಾ ಎಣಿಸಬೇಡಿ. ಆ ದಿನ ಟೀಚರಮ್ಮನಿಗೆ ಫೋನ್ ಮಾಡಬೇಕಾದರೆ ನಾನೇ ಮಾಡುತ್ತೇನೆ, ಅಚ್ಚಾಗಿದೆ ಎಂದು ಹೇಳಲು.